ಕಣ್ಣು ಕಾಣದ ಮಕ್ಕಳ ಕೈಗೆ ಕಸುಬು ಕೊಟ್ಟ ಗದುಗಿನ ಪಂಚಾಕ್ಷರಿ ಗವಾಯಿ

ಕೆಂಗೇರಿ: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು ಅಂದ್ರೆ ಕೆಂಗೇರಿ, ಉಪನಗರದ ಮನೆಮನೆಯಲ್ಲೂ ಮಗುವನ್ನು ಮುಂದೇನು ಓದಿಸೋದು ಅನ್ನೋದೇ ಮಾತು. ಕಣ್ಣು ಕಾಣದ ಮಗು ಇರುವ ಮನೆಯಲ್ಲಿ ಆ ಚಿಂತೆ ಅಷ್ಟು ದಿನ ಕಾಯೋದಿಲ್ಲ, ಒಂದನೇ ಕ್ಲಾಸಿಗೆ ಸೇರಿಸುವಾಗಲೇ ಶುರುವಾಗುತ್ತೆ. ನೂರು ವರ್ಷದ ಹಿಂದೆ, ಕೆರಿಯರ್ ಕೌನ್ಸೆಲಿಂಗ್ ಅನ್ನುವ ಪದವನ್ನೇ ಯಾರೂ ಕೇಳಿರದ ಕಾಲದಲ್ಲಿ, ಇಂಥ ಮಕ್ಕಳಿಗೊಂದು ದಾರಿ ಮಾಡಿಕೊಟ್ಟವರು ಪಂಚಾಕ್ಷರಿ ಗವಾಯಿಗಳು. ಬೆಂಗಳೂರು ಕಡೆಯವರಿಗೆ ಅವರ ಪರಿಚಯ ಹೆಚ್ಚಾಗಿ ಸಿನಿಮಾದಿಂದ. ಅವರ ಜೀವನದ ಮೇಲೆ ಬಂದ ಚಿತ್ರಕ್ಕಾಗಿ ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಸಂಗೀತ ನಿರ್ದೇಶಕ ಹಂಸಲೇಖ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಹಾಡು ಎಲ್ಲರಿಗೂ ನೆನಪಿದೆ, ಮೇಷ್ಟ್ರಾಗಿ ಅವರು ಪಟ್ಟ ಪಾಡು ಅಷ್ಟಾಗಿ ಗೊತ್ತಿಲ್ಲ.

1892ರ ಫೆಬ್ರವರಿ 2ರಂದು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಅವರು ಹುಟ್ಟಿದ್ದು. ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣು ಕಾಣದು. ಅಣ್ಣ ಗುರುಬಸಯ್ಯನದೂ ಅದೇ ಸ್ಥಿತಿ. ಮೈಸೂರಿನಲ್ಲಿ 1901ರಲ್ಲೇ ಅಂಧ ಮತ್ತು ಕಿವುಡ ಮಕ್ಕಳಿಗೆ ಶಾಲೆ ಶುರುವಾಗಿತ್ತು ನಿಜ. ಆದರೆ ಹಾನಗಲ್ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಅಲ್ಲಿನ ಹಳ್ಳಿಯ ಬಡ ಮನೆಗೆ ಮೈಸೂರು ಪರದೇಶವೇ ಸರಿ.

ಈ ಹುಡುಗರು ಹಾಡೋದನ್ನು ಕೇಳಿದವರು ಹಾನಗಲ್ಲಿನ ಕುಮಾರ ಸ್ವಾಮಿಗಳು. ಬಾದಾಮಿ ಹತ್ತಿರ ಶಿವಯೋಗಮಂದಿರ ಕಟ್ಟಿದ್ದು ಇವರೇ. ಮಕ್ಕಳಿಗೆ ಏನಿಲ್ಲ ಅನ್ನೋದನ್ನು ಊರೆಲ್ಲ ನೋಡಿತ್ತು, ಏನಿದೆ ಅನ್ನೋದನ್ನು ಸ್ವಾಮಿಗಳು ನೋಡಿದರು. ಕರೆದುಕೊಂಡು ಹೋಗಿ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಗದಿಗೆಯ್ಯ ಪಂಚಾಕ್ಷರಿಯಾದರು. ಮೊದಲು ಕರ್ನಾಟಕ ಸಂಗೀತ, ಆಮೇಲೆ ನೀಲಕಂಠಬುವಾ ಮಿರಜಕರ್ ಅವರಲ್ಲಿ ಹಿಂದೂಸ್ತಾನಿ. ಎರಡೂ ಪದ್ಧತಿ ಕೈವಶ. ಜೊತೆಗೆ ತಬಲಾ.

ಇಷ್ಟು ಕಲಿತವರು ಕಛೇರಿ ಮಾಡಿಕೊಂಡು ಹಾಯಾಗಿ ಇರಬಹುದಿತ್ತು. ಗವಾಯಿಗಳು ಹಿಡಿದದ್ದು ಬೇರೆ ದಾರಿ. ತಮ್ಮ ಹಾಗೇ ಕಣ್ಣು ಕಾಣದ ಮಕ್ಕಳು, ದಿಕ್ಕಿಲ್ಲದ ಬಡ ಮಕ್ಕಳನ್ನು ಸೇರಿಸಿಕೊಂಡು ಊರೂರು ತಿರುಗುವ ಸಂಗೀತ ಶಾಲೆ ನಡೆಸಿದರು. ಕಟ್ಟಡ ಇಲ್ಲ, ಗ್ರಾಂಟ್ ಇಲ್ಲ. ಮಠ, ಗುಡಿ, ಯಾರೋ ಪುಣ್ಯಾತ್ಮರ ಜಾಗ, ಅಲ್ಲೇ ಪಾಠ, ಅಲ್ಲೇ ಊಟ.

ಸಂಗೀತವೇ ಯಾಕೆ? ಅದು ಕಿವಿಯಿಂದ ಕಿವಿಗೆ ದಾಟುವ ವಿದ್ಯೆ, ಪುಸ್ತಕ ಬೇಡ. ಅದಕ್ಕಿಂತ ಮುಖ್ಯ, ಆಗ ಅದಕ್ಕೆ ಮಾರುಕಟ್ಟೆ ಇತ್ತು. ಉತ್ತರ ಕರ್ನಾಟಕದ ತುಂಬ ಕಂಪನಿ ನಾಟಕದ ಕಾಲ. ನಾಟಕಕ್ಕೆ ಹಾರ್ಮೋನಿಯಂ ಬೇಕು, ತಬಲಾ ಬೇಕು. ಮಠಗಳಲ್ಲಿ ಪುರಾಣ, ಕೀರ್ತನೆಗೆ ಹಾಡುವವರು, ನುಡಿಸುವವರು ಬೇಕು. ಎಲ್ಲರೂ ದೊಡ್ಡ ಗವಾಯಿ ಆಗಬೇಕಾಗಿರಲಿಲ್ಲ. ಕಂಠ ಅಷ್ಟಕ್ಕಷ್ಟೇ ಇದ್ದರೂ ಕೈ ಚುರುಕಿದ್ದವನಿಗೆ ತಬಲಾದಲ್ಲಿ ಅನ್ನ ಇತ್ತು. ವ್ಯಾಪಾರ ಮಾಡೋರಿಗೆ ಈ ಲೆಕ್ಕ ತಕ್ಷಣ ಅರ್ಥವಾಗುತ್ತೆ: ಗಿರಾಕಿ ಇರುವ ಕಸುಬನ್ನೇ ಕಲಿಸಬೇಕು.

ಇದರೊಳಗೆ ಒಂದು ಇಕ್ಕಟ್ಟೂ ಇತ್ತು. ಮಕ್ಕಳು ಮುಂದೆ ಭಿಕ್ಷೆಗೆ ಇಳಿಯಬಾರದು ಅಂತ ಕಟ್ಟಿದ ಶಾಲೆ ಉಳಿದಿದ್ದೇ ಜೋಳಿಗೆಯಿಂದ. 1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದ ಮೇಲೆ ಬೆನ್ನಿಗಿದ್ದ ದೊಡ್ಡ ಆಸರೆ ಹೋಯ್ತು. ಶಾಲೆ ಮಾತ್ರ ಮುಚ್ಚಲಿಲ್ಲ.

ಕಣ್ಣಿದ್ದ ಮಕ್ಕಳೂ ಅಲ್ಲೇ ಕಲಿತರು. ಕುಂದಗೋಳ ತಾಲ್ಲೂಕು ಯಲಿವಾಳದ ಬಸವರಾಜ ರಾಜಗುರು ಅಂಥವರಲ್ಲಿ ಒಬ್ಬರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ 600ನೇ ವರ್ಷದ ಉತ್ಸವ ನಡೆದಾಗ ಆ ಹುಡುಗ ವೇದಿಕೆಯಲ್ಲಿ ಹಾಡಿದ. ತಬಲಾ ಸಾಥ್ ಕೊಟ್ಟವರು ಖುದ್ದು ಗವಾಯಿಗಳೇ. ಶಿಷ್ಯನನ್ನು ಮುಂದೆ ಕೂರಿಸಿ ಗುರು ಪಕ್ಕವಾದ್ಯಕ್ಕೆ ಕೂರೋದು ಸಣ್ಣ ಮಾತಲ್ಲ. ರಾಜಗುರು ಮುಂದೆ ದೇಶದ ದೊಡ್ಡ ಹಿಂದೂಸ್ತಾನಿ ಗಾಯಕರ ಸಾಲಿಗೆ ಸೇರಿದರು.

ಅಂದಹಾಗೆ, ಈಗ ಕಣ್ಣು ಕಾಣದ ಮಗು ಅಂದ ಕೂಡಲೇ ಹಾರ್ಮೋನಿಯಂ ಮುಂದೆ ಕೂರಿಸಬೇಕಾಗಿಲ್ಲ. ಗವಾಯಿಗಳ ಕಾಲಕ್ಕೆ ಇದ್ದದ್ದು ಒಂದೆರಡು ಬಾಗಿಲು, ಈಗ ಹತ್ತಾರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಶೇ 40 ಅಥವಾ ಹೆಚ್ಚು ವೈಕಲ್ಯ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು, ಸರ್ಕಾರಿ ನೌಕರಿಯಲ್ಲಿ ಕನಿಷ್ಠ ಶೇ 4 ಮೀಸಲು. ಅದರಲ್ಲಿ ಶೇ 1 ಅಂಧರು ಮತ್ತು ಮಂದದೃಷ್ಟಿಯವರಿಗೆ. ಪರೀಕ್ಷೆಗೆ ಬರೆದುಕೊಡುವವರ ಸಹಾಯ ಪಡೆಯಬಹುದು. ವಿಶೇಷ ಅಗತ್ಯದ ಮಕ್ಕಳಿಗೆಂದೇ ಬಿಇಒ ಕಚೇರಿಗಳ ವ್ಯಾಪ್ತಿಯಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ. ಮೊದಲು ಅವರನ್ನು ಕಂಡು ಮಾತಾಡಿದರೆ ಅರ್ಧ ಅಲೆದಾಟ ತಪ್ಪುತ್ತೆ.

ತಿರುಗಾಡುತ್ತಿದ್ದ ಶಾಲೆ ಕೊನೆಗೆ ಗದುಗಿನಲ್ಲಿ ನೆಲೆ ನಿಂತಿತು. ದಾನಿ ಬಸರಿಗಿಡದ ವೀರಪ್ಪನವರು ನೆರವಾದರು. ಅದೇ ಇವತ್ತಿನ ವೀರೇಶ್ವರ ಪುಣ್ಯಾಶ್ರಮ. 1944ರ ಜೂನ್ 11ರಂದು ಗವಾಯಿಗಳು ತೀರಿಕೊಂಡರು. ಆಗ ಅವರಿಗೆ 52 ವರ್ಷ. ಹೊಣೆ ಬಿದ್ದದ್ದು ಶಿಷ್ಯ ಪುಟ್ಟರಾಜರ ಹೆಗಲಿಗೆ. ಅವರಿಗೂ ಎಳೆತನದಲ್ಲೇ ಕಣ್ಣು ಹೋಗಿತ್ತು. ಬ್ರೈಲ್ ಕಲಿತು ಪುರಾಣ, ನಾಟಕ ಬರೆದರು. ನಾಟಕ ಆಡಿಸಿ ಬಂದ ದುಡ್ಡಲ್ಲಿ ಆಶ್ರಮದ ಮಕ್ಕಳಿಗೆ ಅನ್ನ ಹಾಕಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್ 17ರಂದು ತೀರಿಕೊಂಡರು. ಗದುಗಿನಲ್ಲಿ ಪಾಠ ನಿಂತಿಲ್ಲ.