ಬಾವಿಕಟ್ಟೆಯ ಕಥೆ ಓದಿದ ಪಂಡಿತೆ

ರಮಾಬಾಯಿ ಅಂದ ಕೂಡಲೆ ನಮ್ಮ ಪುಣೆಯಲ್ಲಿ ಮೂವರ ಹೆಸರು ಬರುತ್ತದೆ. ನ್ಯಾಯಮೂರ್ತಿ ರಾನಡೆಯವರ ಪತ್ನಿ ಒಬ್ಬರು, ಡಾ. ಅಂಬೇಡ್ಕರರ ಪತ್ನಿ ಒಬ್ಬರು, ಮೂರನೆಯವರು ಪಂಡಿತಾ ರಮಾಬಾಯಿ. ನಾನು ಬರೆಯಹೊರಟಿರುವುದು ಈ ಮೂರನೆಯವರ ಬಗ್ಗೆ. ಇವರು ನಮ್ಮ ಕಡೆಯವರೇ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದರು ಅಂತ ಜನರ ನಿಷ್ಠುರ ಕಟ್ಟಿಕೊಂಡು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿಗೆ ಹೋಗಿ ಆಶ್ರಮ ಮಾಡಿಕೊಂಡರು. 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು ಅಲ್ಲಿ. ಮನೆಮಾತು ಮರಾಠಿ, ಆದರೆ ಅವರಿಗೆ ಕನ್ನಡವೂ ಬರುತ್ತಿತ್ತು.

ಮುಂದೆ ಆ ಕುಟುಂಬ ಪುರಾಣ ಹೇಳುತ್ತಾ ಊರೂರು ಅಲೆಯಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ ಇಬ್ಬರೂ ತೀರಿಕೊಂಡರು. ಹಸಿವು ಅಂದರೆ ಏನು ಅಂತ ಈ ಹುಡುಗಿ ಪುಸ್ತಕದಿಂದ ಕಲಿಯಲಿಲ್ಲ, ಇದನ್ನ ಓದುಗರು ನೆನಪಿಡಬೇಕು. ಅಣ್ಣ ಶ್ರೀನಿವಾಸನ ಜೊತೆ ನಡೆದೂ ನಡೆದೂ 1878ರಲ್ಲಿ ಕಲಕತ್ತೆ ಮುಟ್ಟಿದರು. ಅಲ್ಲಿನ ವಿದ್ವಾಂಸರು ಅವರ ಸಂಸ್ಕೃತ ಕೇಳಿ ಬೆರಗಾಗಿ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರ ಜೊತೆ ಮದುವೆ. ಜಾತಿ ಬೇರೆ, ಭಾಷೆ ಬೇರೆ. 1882ರಲ್ಲಿ ಕಾಲರಾದಿಂದ ಗಂಡನೂ ಹೋದರು. ಇಪ್ಪತ್ತಮೂರು ವರ್ಷದ ವಿಧವೆ, ಕಂಕುಳಲ್ಲಿ ಮನೋರಮೆ ಅನ್ನುವ ಕೂಸು. ನಮಗಿಂತ ಎರಡು ಮೂರು ವರ್ಷ ದೊಡ್ಡವರು, ಅಷ್ಟೆ!

ಗಂಡನ ಮನೆಯಲ್ಲಿದ್ದಾಗಲೇ ಅವರ ಕೈಗೆ ಬಂಗಾಳಿಯ ಲೂಕನ ಸುವಾರ್ತೆ ಸಿಕ್ಕಿತ್ತು. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ವೈದ್ಯಕೀಯ ಓದಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದರಿಂದ ಆ ಓದು ಕೈಗೂಡಲಿಲ್ಲ. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಉಳಿದುಕೊಂಡರು. ಅಲ್ಲಿನ ಸಿಸ್ಟರುಗಳು ಅವರನ್ನು ಲಂಡನ್ನಿನ ಫುಲಂನಲ್ಲಿದ್ದ ತಮ್ಮ ಒಂದು ಮನೆಗೆ ಕಳಿಸಿದರು. ಸಮಾಜ ಕೆಟ್ಟವರು ಅಂತ ಹೊರಗೆ ಹಾಕಿದ ಹೆಂಗಸರಿಗಾಗಿ ಇದ್ದ ಮನೆ ಅದು. ಅಂಥವರ ಜೊತೆ ಕೂತು, ಅವರ ಸೇವೆ ಮಾಡುವವರೂ ಇದ್ದಾರೆ ಅನ್ನೋದೇ ರಮಾಬಾಯಿಗೆ ಹೊಸದು. ಯಾಕೆ ಹೀಗೆ ಮಾಡ್ತೀರಿ ಅಂತ ಕೇಳಿದ್ದಕ್ಕೆ ಒಬ್ಬ ಸಿಸ್ಟರು ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ ಓದಿ ತೋರಿಸಿದರು.

ನಮ್ಮ ಕ್ರೈಸ್ತರ ಮನೆಗಳಲ್ಲಿ ಸಂಡೇ ಸ್ಕೂಲಿನ ಮಕ್ಕಳಿಗೂ ಆ ಕಥೆ ಗೊತ್ತು. ಉಳಿದ ಮಿತ್ರರಿಗಾಗಿ ಹೇಳುತ್ತೇನೆ. ಮಟಮಟ ಮಧ್ಯಾಹ್ನ, ಸಮಾರ್ಯದ ಒಂದು ಬಾವಿ. ಯೇಸು ದಣಿದು ಕೂತಿದ್ದಾನೆ. ನೀರಿಗೆ ಬಂದವಳು ಐದು ಗಂಡಂದಿರನ್ನು ಕಂಡ ಹೆಂಗಸು, ಈಗ ಇರುವವನು ಗಂಡನಲ್ಲ. ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆ ಇಟ್ಟುಕೊಳ್ಳುವುದಿಲ್ಲ. ಆದರೂ ಆತ ಅವಳನ್ನೇ ನೀರು ಕೇಳುತ್ತಾನೆ. ಬಾವಿಕಟ್ಟೆ, ಜಾತಿ, ಮಡಿ, ಒಂಟಿ ಹೆಂಗಸು! ಇದು ಪರದೇಶದ ಕಥೆಯಂತೆ ನನಗಂತೂ ಕಾಣುವುದಿಲ್ಲ, ನಮ್ಮ ಯಾವ ಊರಿನ ಕೆರೆಯ ದಾರಿಯಲ್ಲಾದರೂ ನಡೆಯಬಹುದು. ನಾವು ಅದನ್ನು ಭಾನುವಾರ ಕೇಳಿ, ಸೋಮವಾರ ಮನೆಗೆಲಸದವಳ ಲೋಟ ಬೇರೆ ಇಡ್ತೇವೆ. ರಮಾಬಾಯಿ ಹಾಗೆ ಮಾಡಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 29ರಂದು ಅವರು ಮಗಳ ಜೊತೆ ದೀಕ್ಷಾಸ್ನಾನ ಪಡೆದರು.

ಹಾಗಂತ ಪಾದ್ರಿಗಳು ಹೇಳಿದ್ದಕ್ಕೆಲ್ಲ ಹೂಂ ಅಂದರು ಅಂದುಕೊಳ್ಳಬೇಡಿ. ತ್ರೈಏಕತ್ವದಂಥ ಬೋಧನೆಗಳ ಬಗ್ಗೆ ಅವರ ವಾದ ಮುಗಿಯಲೇ ಇಲ್ಲ. ಕೊಟ್ಟ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗಬಾರದು ಅಂತ ಕೇಳಿದರು. ಮಾಂಸ ಮುಟ್ಟಲಿಲ್ಲ. ಸಿಸ್ಟರುಗಳಿಗೆ ಇದು ಅಹಂಕಾರವಾಗಿ ಕಂಡಿತು. ಬೈಬಲನ್ನು ಸ್ವಂತ ಕಣ್ಣಿಂದ ಓದುವವರಿಗೆ ಇದು ತಪ್ಪಿದ್ದಲ್ಲ ಅಂತ ನನ್ನ ಅಭಿಪ್ರಾಯ.

ಅಮೆರಿಕಾಕ್ಕೆ ಹೋಗಿ, ಪುಸ್ತಕ ಬರೆದು, ಭಾಷಣ ಮಾಡಿ ಹಣ ಕೂಡಿಸಿದರು. 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಮುಂದೆ ಮಹರ್ಷಿ ಕರ್ವೆಯವರ ಕೈಹಿಡಿದ ಗೋದೂಬಾಯಿ ಇಲ್ಲಿಯ ಮೊದಲ ವಿಧವಾ ವಿದ್ಯಾರ್ಥಿನಿ. ಯಾರ ಧರ್ಮಕ್ಕೂ ಕೈಹಾಕುವುದಿಲ್ಲ ಅನ್ನುವ ಕರಾರಿನ ಮೇಲೆ ಶಾಲೆ ನಡೆದಿತ್ತು. ಆದರೆ ರಮಾಬಾಯಿ ಪ್ರಾರ್ಥನೆ ಮಾಡುವ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು, ಹುಡುಗಿಯರು ಬಂದು ಕೂತರು. 1893ರಲ್ಲಿ ದೊಡ್ಡ ಗದ್ದಲವಾಯಿತು. ತಿಲಕರ ಕೇಸರಿ ಪತ್ರಿಕೆ ಹರಿಹಾಯ್ದಿತು, ರಾನಡೆ, ಭಂಡಾರಕರರಂಥ ಬೆಂಬಲಿಗರೂ ದೂರ ಸರಿದರು, ಪಾಲಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಮಾತು ನಂಬಿ ಮಗಳನ್ನು ಬಿಟ್ಟುಹೋದ ತಂದೆಯ ಸಿಟ್ಟು ಬರೀ ಮೌಢ್ಯ ಅಂತ ನಾನು ಹೇಳಲಾರೆ. ಪ್ರಾರ್ಥನೆಗೆ ಕದ ಹಾಕಿಕೊಳ್ಳಲಾರೆ ಅಂದ ರಮಾಬಾಯಿಯದೂ ಮೋಸವಲ್ಲ. ಇಬ್ಬರ ನೋವೂ ನಿಜ.

ಅಮೆರಿಕಾದ ಸಂಘ ಹಣ ಕೊಡುತ್ತೇವೆ ಅಂದದ್ದು ಹತ್ತೇ ವರ್ಷಕ್ಕೆ. ಅದು ನಿಂತ ಮೇಲೇನು? ಕಾಮರ್ಸಿನವನಾದ ನನಗೆ ಮೆಚ್ಚುಗೆಯಾದದ್ದು ಈ ಮುಂದಾಲೋಚನೆ. ಹಣ್ಣಿನ ತೋಟ ಮಾಡಿ ಖರ್ಚು ತೂಗಿಸೋಣ ಅಂತ ಕೇಡಗಾವಿಯಲ್ಲಿ ಜಮೀನು ಕೊಂಡರು. ಪುಣೆಯಿಂದ ಸೊಲ್ಲಾಪುರದ ಕಡೆ ಹೋಗುವಾಗ ದೌಂಡಿಗೆ ಮೊದಲು ಸಿಗುವ ಸ್ಟೇಷನ್ ಅದು, ನಮ್ಮಲ್ಲಿ ಅನೇಕರು ನಿದ್ದೆಯಲ್ಲೇ ದಾಟಿರುತ್ತೇವೆ. ತೋಟ ಕೈಗೆ ಬರುವ ಮೊದಲೇ ಬರಗಾಲ ಬಂತು. 1896-97ರಲ್ಲಿ ಮಧ್ಯಪ್ರಾಂತದಲ್ಲಿ ಜನ ಸಾಯುತ್ತಿದ್ದರು. ಹೆತ್ತವರನ್ನು ಬರದಲ್ಲಿ ಕಳಕೊಂಡವರು ಸುಮ್ಮನೆ ಕೂತಾರೆಯೇ? ತಾವೇ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಆಗ ಪ್ಲೇಗು. ಅಷ್ಟು ಜನರನ್ನು ಊರೊಳಗೆ ಇಡುವ ಹಾಗಿಲ್ಲ. ಕೇಡಗಾವಿಯ ಬಯಲೇ ಗತಿಯಾಯಿತು. ಹೀಗೆ ಹುಟ್ಟಿದ್ದು ಮುಕ್ತಿ ಸದನ. ಪ್ಲೇಗು ಆಸ್ಪತ್ರೆಯಲ್ಲಿ ಹೆಂಗಸರಿಗಾಗುವ ಅನ್ಯಾಯದ ಬಗ್ಗೆ ಸರಕಾರದ ವಿರುದ್ಧ ಪತ್ರಿಕೆಗೆ ಬರೆಯಲೂ ಅವರು ಹೆದರಲಿಲ್ಲ. 1900ರ ಗುಜರಾತಿನ ಬರದ ಹೊತ್ತಿಗೆ ಮುಕ್ತಿಯಲ್ಲಿದ್ದವರ ಸಂಖ್ಯೆ 2000ದ ಹತ್ತಿರ ಬಂತು.

ಶಾರದಾ ಸದನದಲ್ಲಿ ಅವರವರ ಜಾತಿಯ ಮಡಿಗೆ ಅವಕಾಶವಿತ್ತು. ಇಲ್ಲಿ ಎಲ್ಲ ಜಾತಿಯವರು ಸೇರಿದರು. ಬಾವಿ ತೋಡಿದರು, ಹೊಲ ಉತ್ತರು, ಮಗ್ಗ, ಗಾಣ, ಹೊಲಿಗೆ, ಅಚ್ಚುಕೂಟ ಎಲ್ಲದರಲ್ಲೂ ಹೆಂಗಸರೇ. ಕುರುಡರ ಮನೆಗೆ ಬಾರ್ತಿಮಿ ಸದನ ಅಂತ ಹೆಸರು. ಯೇಸು ಕಣ್ಣು ಕೊಟ್ಟ ಭಿಕ್ಷುಕನ ಹೆಸರು ಅದು. ಅಲ್ಲಿ ಮನೋರಮೆ ಬ್ರೈಲ್ ಕಲಿಸಿದಳು. ಸಮಾಜ ಹೊರಗೆ ಹಾಕಿದ ಹೆಂಗಸರಿಗೆ ಕೃಪಾ ಸದನ. ಫುಲಂನಲ್ಲಿ ಕಂಡದ್ದು, ಬಾವಿಕಟ್ಟೆಯಲ್ಲಿ ಓದಿದ್ದು, ಎರಡೂ ಇಲ್ಲಿ ಕಲ್ಲುಗಾರೆಯ ಗೋಡೆಯಾಗಿ ನಿಂತವು. 1912ರಲ್ಲಿ ನಮ್ಮ ಗುಲ್ಬರ್ಗಾದಲ್ಲೂ, ಅಂದರೆ ಈಗಿನ ಕಲಬುರಗಿಯಲ್ಲಿ, ಒಂದು ಶಾಲೆ ತೆರೆದರು.

ಆಗಿದ್ದ ಮರಾಠಿ ಬೈಬಲು ಹಳ್ಳಿಯ ಹೆಂಗಸಿಗೆ ತಿಳಿಯುವಂತಿರಲಿಲ್ಲ, ತುಂಬಾ ಸಂಸ್ಕೃತಮಯ. ಸಂಸ್ಕೃತದಲ್ಲೇ ಬೆಳೆದ ಪಂಡಿತೆಗೆ ಅದು ಸರಿಬರಲಿಲ್ಲ, ನೋಡಿ! ಹೀಬ್ರೂ, ಗ್ರೀಕ್ ಕಲಿತು, ಆಡುಮಾತಿಗೆ ಹತ್ತಿರವಾದ ಮರಾಠಿಯಲ್ಲಿ ಇಡೀ ಬೈಬಲನ್ನು ತಾವೇ ಅನುವಾದಿಸಿದರು. ವರ್ಷಗಟ್ಟಲೆ ಹಿಡಿಯಿತು. 1921ರಲ್ಲಿ ಮನೋರಮೆ ತೀರಿಕೊಂಡಳು. ತಾಯಿ ಪ್ರೂಫ್ ತಿದ್ದುತ್ತಲೇ ಇದ್ದರು. ಅದು ಮುಗಿದ ಮೇಲೆ, 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಪೂರ್ತಿ ಪುಸ್ತಕ ಹೊರಬಂದದ್ದು 1924ರಲ್ಲಿ. ಮೊಳೆ ಜೋಡಿಸಿದವರು, ಅಚ್ಚು ಹಾಕಿದವರು, ರಟ್ಟು ಕಟ್ಟಿದವರು ಮುಕ್ತಿಯ ಹೆಂಗಸರು.