ತಿಮಿಂಗಿಲದ ಕಿವಿ ಹುಡುಕಿ ಹೊರಟ ಜಾನ್ ಹಂಟರ್

ತಿಮಿಂಗಿಲ ಒಂದು ಮೀನು, ಅದಕ್ಕೆ ಕಿವಿಯಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎರಡೂ ತಪ್ಪು. ನಮಗಿರುವಂತೆ ಹೊರಗೆ ಕಾಣುವ ಆಲೆ ಇಲ್ಲ, ಅಷ್ಟೇ. 1787ರಲ್ಲೇ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ತಿಮಿಂಗಿಲದ ಕಿವಿಯ ರಚನೆಯನ್ನು ವಿವರಿಸಿದವರು ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್.

1728ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಹಂಟರ್‌ಗೆ ಶಾಲೆಯ ಓದು ಹತ್ತಲಿಲ್ಲ. 20ನೇ ವಯಸ್ಸಿಗೆ ಲಂಡನ್ನಿಗೆ ಬಂದು, ಅಣ್ಣ ವಿಲಿಯಂ ನಡೆಸುತ್ತಿದ್ದ ಅಂಗರಚನಾ ಶಾಲೆಯಲ್ಲಿ ಹೆಣ ಕೊಯ್ಯುವ ಕೆಲಸಕ್ಕೆ ನಿಂತರು. ಮುಂದೆ ಸಾವಿರಾರು ಅಂಗಗಳನ್ನು ಒಣಗಿಸಿ, ಇಲ್ಲವೇ ಮದ್ಯಸಾರದ ಜಾಡಿಗಳಲ್ಲಿಟ್ಟು ಕಾಪಾಡಿದರು. ಕಡಲಲ್ಲಿ ಹಾಕಿ ಎಂದು ಬೇಡಿಕೊಂಡಿದ್ದ ಐರ್ಲೆಂಡಿನ ಎತ್ತರದ ವ್ಯಕ್ತಿ ಚಾರ್ಲ್ಸ್ ಬೈರ್ನ್ ಅವರ ಹೆಣವನ್ನೂ ಬಿಡಲಿಲ್ಲ. ಇದನ್ನು ನಾವು ಮುಚ್ಚಿಡುವುದಿಲ್ಲ.

ತಿಮಿಂಗಿಲ ಸಿಗುವುದೇ ಕಷ್ಟವಾಗಿತ್ತು. ಹಂಟರ್ ಕೈಯಿಂದ ದುಡ್ಡು ಹಾಕಿ ಒಬ್ಬ ವೈದ್ಯನನ್ನು ಉತ್ತರದ ಕಡಲಿಗೆ ಕಳಿಸಿದರು. ಆತ ತಂದದ್ದು ಒಂದು ತುಂಡು ಚರ್ಮ, ಅದಕ್ಕಂಟಿದ ಕೆಲವು ಪುಟ್ಟ ಜೀವಿಗಳು!

ಈ ಪಾಡು ಇಂದಿಗೂ ತಪ್ಪಿಲ್ಲ. ಪ್ರಾಣಿ ಸತ್ತ ಕೆಲವೇ ಗಂಟೆಗಳಲ್ಲಿ ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಹಾಳಾಗತೊಡಗುತ್ತವೆ. ಆಮೇಲೆ ನೋಡಿದರೆ ಹಡಗು, ಸೋನಾರ್‌ಗಳ ಸದ್ದಿನಿಂದ ಕಿವಿ ಕೆಟ್ಟಿತ್ತೋ, ಸತ್ತ ಮೇಲೆ ಕೊಳೆಯಿತೋ ಹೇಳಲಾಗದು. ಅದಕ್ಕೇ ದಡ ಸೇರಿ ಸತ್ತ ಡಾಲ್ಫಿನ್‌ನ ಒಳಗಿವಿಗೆ ಬೇಗನೆ ಫಾರ್ಮಲಿನ್ ಹಾಯಿಸುತ್ತಾರೆ. ಕಲ್ಲಿನಂತೆ ಗಟ್ಟಿಯಾದ ಕಿವಿಮೂಳೆಯ ಕ್ಯಾಲ್ಸಿಯಂ ಅನ್ನು ವಾರಗಟ್ಟಲೆ ಕರಗಿಸಿ, ಆಮೇಲೆ ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಹಂಟರ್ 1793ರಲ್ಲಿ ತೀರಿಕೊಂಡರು. ಅವರ ಸಂಗ್ರಹವನ್ನು 1799ರಲ್ಲಿ ಸರ್ಕಾರ ಕೊಂಡಿತು. 1941ರ ಬಾಂಬ್ ದಾಳಿಯಲ್ಲಿ ಬಹುಪಾಲು ನಾಶವಾಗಿ, ಉಳಿದದ್ದು ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂನಲ್ಲಿದೆ.