ಗ್ರೇ ಪುಸ್ತಕದ ಇನ್ನೊಬ್ಬ ಹೆನ್ರಿ

ಕಳೆದ ವಾರ ಸೀವುಡ್ಸ್‌ನ ನನ್ನ ಕ್ಲಿನಿಕ್ಕಿಗೆ ಗದಗ ಕಡೆಯ ಅಜ್ಜಿಯೊಬ್ಬರು ಬಂದಿದ್ದರು. ಇಲ್ಲಿ ಮಗನ ಮನೆಯಲ್ಲಿದ್ದಾರೆ. ಕಿವಿಯ ಮುಂದೆ ನಿಂಬೆಹಣ್ಣಿನಷ್ಟು ಗಂಟು. ಆಪರೇಷನ್ ಮಾಡಿಸಿದರೆ ಬಾಯಿ ಸೊಟ್ಟಗಾಗುತ್ತದೆ ಎಂದು ಯಾರೋ ಹೆದರಿಸಿದ್ದರು. ಹೆದರಿಕೆ ಸುಳ್ಳೇನಲ್ಲ. ಅಲ್ಲಿರುವ ಪೆರೋಟಿಡ್ ಎಂಬ ಜೊಲ್ಲುಗ್ರಂಥಿಯೊಳಗೇ ಮುಖದ ನರ ಐದು ಕವಲಾಗಿ ಹರಡುತ್ತದೆ. ಕಣ್ಣು ಮುಚ್ಚುವುದು, ನಗುವುದು ಅದರಿಂದಲೇ. ಅದನ್ನು ಉಳಿಸಿಕೊಂಡು ಗಂಟು ತೆಗೆಯಬೇಕು. ಇದನ್ನು ತಿಳಿಸಲು ಗ್ರೇಸ್ ಅನಾಟಮಿಯ ಹಳೆಯ ಚಿತ್ರವೊಂದನ್ನು ತೋರಿಸಿದೆ. ಇಷ್ಟು ಚೆಂದ ತೆಗೆದವರು ಯಾರು ಎಂದು ಅಜ್ಜಿ ಕೇಳಿದರು. ಗ್ರೇ ಎಂದುಬಿಟ್ಟೆ. ಅವರು ಹೋದ ಮೇಲೆ ತಪ್ಪು ಹೇಳಿದೆನಲ್ಲ ಎಂದು ಮನಸ್ಸು ಚುಚ್ಚಿತು.

ಆ ಚಿತ್ರ ತೆಗೆದವರು ಹೆನ್ರಿ ವ್ಯಾಂಡೈಕ್ ಕಾರ್ಟರ್. 1831ರಲ್ಲಿ ಇಂಗ್ಲೆಂಡಿನ ಹಲ್ ಊರಿನಲ್ಲಿ ಹುಟ್ಟಿದರು. ತಂದೆ ಚಿತ್ರಕಾರ. ವೈದ್ಯಕೀಯ ಓದಲು ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆ ಸೇರಿದಾಗ, ಅಲ್ಲಿದ್ದ ಹೆನ್ರಿ ಗ್ರೇ ಜೊತೆಯಾದರು. ವಾರಸುದಾರರಿಲ್ಲದ ಶವಗಳನ್ನು ಇಬ್ಬರೂ ಕೂಡಿ ಛೇದಿಸಿದರು. ಗ್ರೇ ಬರೆದರು, ಕಾರ್ಟರ್ ಚಿತ್ರಿಸಿದರು. ಅಚ್ಚಿನಲ್ಲಿ ಸರಿಯಾಗಿ ಮೂಡಲೆಂದು ಮರದ ಹಲಗೆಯ ಮೇಲೆ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬಿಡಿಸಬೇಕಿತ್ತು. ಮೊದಲ ಆವೃತ್ತಿಯಲ್ಲಿದ್ದದ್ದು 363 ಚಿತ್ರಗಳು.

ಆಗಿನ ಹಲವು ಪುಸ್ತಕಗಳಲ್ಲಿ ಚಿತ್ರದ ಮೇಲೆ ಅಂಕಿ, ಹೆಸರು ಬೇರೆ ಕಡೆ. ಕಾರ್ಟರ್ ಹೆಸರುಗಳನ್ನು ಸ್ನಾಯು, ಮೂಳೆ, ನರಗಳ ಮೇಲೆಯೇ ಬರೆದರು. ಕತ್ತಿನಂಥ ಇಕ್ಕಟ್ಟಿನ ಜಾಗದಲ್ಲಿ, ರಕ್ತನಾಳ ಯಾವುದು, ನರ ಯಾವುದು ಎಂದು ತಡಕಾಡುವ ವಿದ್ಯಾರ್ಥಿಗೆ ಇದು ಎಂಥ ಉಪಕಾರ ಎಂಬುದನ್ನು ಪರೀಕ್ಷೆಯ ಹಿಂದಿನ ರಾತ್ರಿ ನಾನೇ ಅನುಭವಿಸಿದ್ದೇನೆ.

ಪುಸ್ತಕ ಬಂದದ್ದು 1858ರಲ್ಲಿ. ಪ್ರತಿ ಸಾವಿರ ಪ್ರತಿಗೆ 150 ಪೌಂಡ್ ಗೌರವಧನ ಗ್ರೇಗೆ. ಕಾರ್ಟರ್‌ಗೆ ಸಿಕ್ಕಿದ್ದು ಒಂದೇ ಸಲದ 150 ಪೌಂಡ್. ಶೀರ್ಷಿಕೆ ಪುಟದ ಕರಡು ನೋಡಿದ ಗ್ರೇ, ಕಾರ್ಟರ್ ಹೆಸರಿನ ಅಕ್ಷರ ಚಿಕ್ಕದಾಗಲಿ ಎಂದು ಗುರುತು ಹಾಕಿದರು. ಅವರ ಹೊಸ ಹುದ್ದೆಯನ್ನೂ ಹೊಡೆದುಹಾಕಿದರು. ಮೂರೇ ವರ್ಷದಲ್ಲಿ, 34ರ ಹರೆಯದಲ್ಲಿ, ಗ್ರೇ ಸಿಡುಬಿನಿಂದ ತೀರಿಕೊಂಡರು. ಪುಸ್ತಕಕ್ಕೆ ಅವರ ಹೆಸರೇ ನಿಂತಿತು.

ಆ ಹೊಸ ಹುದ್ದೆ ಇದ್ದದ್ದು ಎಲ್ಲಿ ಗೊತ್ತೇ? ನಮ್ಮ ಮುಂಬೈಯಲ್ಲೇ. ಪುಸ್ತಕ ಹೊರಬರುವ ಮೊದಲೇ ಕಾರ್ಟರ್ ಹಡಗು ಹತ್ತಿ ಬಂದು, ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪ್ರಾಧ್ಯಾಪಕರಾಗಿದ್ದರು. ಸತಾರಾದಲ್ಲಿ ಸಿವಿಲ್ ಸರ್ಜನ್ ಆಗಿಯೂ ದುಡಿದರು. ಕತ್ತಿನ ಬದಿಯಿಂದ ಕಿವಿಯತ್ತ ಏರುವ ನರವೊಂದಿದೆ. ಕುಷ್ಠ ತಗುಲಿದರೆ ಅದು ಹುರಿಯಂತೆ ದಪ್ಪವಾಗಿ ಬೆರಳಿಗೆ ಸಿಗುತ್ತದೆ. ಕಾಗದದ ಮೇಲೆ ಇಂಥ ನರಗಳನ್ನು ಎಳೆದಿದ್ದ ಕಾರ್ಟರ್, ಇಲ್ಲಿ ವರ್ಷಗಟ್ಟಲೆ ಕುಷ್ಠರೋಗವನ್ನೇ ಅಭ್ಯಾಸ ಮಾಡಿದರು. ಅದಕ್ಕಾಗಿ ನಾರ್ವೆಗೂ ಹೋಗಿಬಂದರು. 1877ರಲ್ಲಿ ಮುಂಬೈಯಲ್ಲಿ ಮರುಕಳಿಸುವ ಜ್ವರ ಹರಡಿದಾಗ, ರೋಗಿಗಳ ರಕ್ತದಲ್ಲಿ ಸುರುಳಿ ಆಕಾರದ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದರು. ಆ ಜ್ವರ ಅವರಿಗೂ ಅಂಟಿತು. 1888ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿ, 1897ರಲ್ಲಿ ಸ್ಕಾರ್ಬರೋದಲ್ಲಿ ತೀರಿಕೊಂಡರು.

ಸೀವುಡ್ಸ್‌ನಿಂದ ಹಾರ್ಬರ್ ಲೈನ್ ಲೋಕಲ್ ಹತ್ತಿ ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿದರೆ ಆ ಕಾಲೇಜು, ಜೆ.ಜೆ. ಆಸ್ಪತ್ರೆ ಹತ್ತಿರದಲ್ಲೇ. ಎಷ್ಟೋ ಸಲ ಹೋಗಿದ್ದೇನೆ, ಕಾರ್ಟರ್ ನೆನಪಾದದ್ದಿಲ್ಲ. ಊರು ಬಿಟ್ಟು ಬಂದ ನಮ್ಮಲ್ಲಿ ಹೆಚ್ಚಿನವರ ಕೆಲಸವೂ ಹೀಗೇ, ಇನ್ಯಾರದೋ ಹೆಸರಿನಡಿ ಸೇರಿಹೋಗುತ್ತದೆ. ಕಾರ್ಟರ್ ಮಾತ್ರ ಅದನ್ನೇ ಹಚ್ಚಿಕೊಂಡು ಕೂರದೆ, ಬಂದ ಊರಿನ ರೋಗಿಗಳಿಗಾಗಿ ಮೂವತ್ತು ವರ್ಷ ದುಡಿದರು.

ಬರುವ ಸೋಮವಾರ ಅಜ್ಜಿಯ ಆಪರೇಷನ್. ಅದಕ್ಕೆ ಮೊದಲು ಆ ಹೆಸರನ್ನು ಸರಿಯಾಗಿ ಹೇಳಬೇಕು.